ಶಿರಾದ ಹುಣಸೆಮರದ ನೆರಳಿನಲ್ಲಿ

ಬೆಂಗಳೂರಿನಿಂದ ಪುಣೆ ಹೆದ್ದಾರಿ ಹಿಡಿದು ತುಮಕೂರು ದಾಟಿ ಸುಮಾರು 120 ಕಿ.ಮೀ. ಸಾಗಿದರೆ ಶಿರಾ. ಮಳೆಗಿಂತ ಬಿಸಿಲನ್ನೇ ಹೆಚ್ಚು ಕಂಡ ಸೀಮೆ. ಕಡಲೆಕಾಯಿ ಹೊಲ, ಕುರಿಮಂದೆ, ಹುಣಸೆಮರ ಇಲ್ಲಿನ ನೋಟ. ಇಂದು ಬಸ್ಸಿನ ಕಿಟಕಿಯಿಂದ ಸಾಧಾರಣ ತಾಲ್ಲೂಕು ಪಟ್ಟಣವಾಗಿ ಕಾಣುವ ಈ ಊರು 1687ರ ನಂತರ ಮೊಗಲರ ಸುಬಾದ ರಾಜಧಾನಿಯಾಗಿತ್ತು. ಕೋಟೆಯ ಅವಶೇಷಗಳು, ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಆ ದಿನಗಳ ನೆನಪನ್ನು ಉಳಿಸಿಕೊಂಡಿವೆ.

ನಾನು ಹೋದದ್ದು ಕಗ್ಗಲಡುವಿನ ಕೊಕ್ಕರೆಗಳನ್ನು ನೋಡಲು. ಶಿರಾ ತಾಲ್ಲೂಕಿನ ಈ ಹಳ್ಳಿಯ ಹುಣಸೆಮರಗಳಿಗೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಮನೆಗಳ ನೆತ್ತಿಯ ಮೇಲೇ ಅವುಗಳ ಸಂಸಾರ. ಊರಿನವರು ಕಲ್ಲೆಸೆಯುವುದಿಲ್ಲ, ಎಸೆಯಲು ಬಿಡುವುದೂ ಇಲ್ಲ.

ನನ್ನನ್ನು ಕರೆದೊಯ್ದ ಪರಿಚಯದ ರೈತರು ಮರದಡಿ ಕುಳಿತಾಗ ಮೆಲ್ಲಗೆ ಕೇಳಿದರು: “ಸಾರ್, ನಮ್ಮ ಹುಡುಗಿಗೆ ಫಿಟ್ಸ್ ಬರ್ತದೆ. ಬೆಂಗಳೂರಲ್ಲಿ ಅದೆಂಥದೋ ಕಂಪ್ಯೂಟರ್ ಆಟ ಆಡ್ಸಿ ವಾಸಿ ಮಾಡ್ತಾರಂತೆ. ಮಾತ್ರೆನೇ ಬೇಡವಂತೆ. ನಿಜವಾ?”

ಮಗಳು ಪಿಯುಸಿ ವಿದ್ಯಾರ್ಥಿನಿ. “ಮಾತ್ರೆ ನುಂಗಿದ್ರೆ ತೂಕಡಿಕೆ ಬರುತ್ತೆ, ಓದಿದ್ದು ತಲೇಲಿ ನಿಲ್ಲಲ್ಲ” ಎಂದಳು. ಪರೀಕ್ಷೆ ಹತ್ತಿರ ಬಂದಾಗ ಒಂದೆರಡು ದಿನ ಮಾತ್ರೆ ಬಿಟ್ಟದ್ದೂ ಉಂಟಂತೆ. ಆ ಮಾತು ಕೇಳಿ ಕೊಕ್ಕರೆಗಳ ಕಡೆಯಿಂದ ನನ್ನ ಗಮನ ಪೂರ್ತಿ ಈ ಕಡೆ ತಿರುಗಿತು.

ಅವರು ಕೇಳಿದ ‘ಆಟ’ದ ಹೆಸರು ನ್ಯೂರೋಫೀಡ್‌ಬ್ಯಾಕ್. ಅದು ಬುರುಡೆ ವಿದ್ಯೆಯಲ್ಲ. ಮಿದುಳಿನ ಜೀವಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಆ ಸಂಕೇತಗಳು ಹತೋಟಿ ತಪ್ಪಿ ಒಮ್ಮೆಲೇ ಹೊಮ್ಮಿದಾಗ ಫಿಟ್ಸ್ ಬರುತ್ತದೆ. ನ್ಯೂರೋಫೀಡ್‌ಬ್ಯಾಕ್‌ನಲ್ಲಿ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ಅಳೆಯುತ್ತಾರೆ. ಮಿದುಳಿಗೆ ಕರೆಂಟು ಕೊಡುವುದಿಲ್ಲ. ಬೇಕಾದ ಅಲೆ ಹೆಚ್ಚಿದಾಗ ಪರದೆಯ ಮೇಲಿನ ಚಿತ್ರ ಚಲಿಸುತ್ತದೆ, ಇಲ್ಲವೇ ಸದ್ದು ಬರುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿ ಮಿದುಳಿಗೆ ಒಂದು ಲಯವನ್ನು ರೂಢಿ ಮಾಡಿಸುವುದು ಉದ್ದೇಶ.

ಇದರ ಹುಟ್ಟಿನ ಕಥೆ ಹುಡುಗಿಗೆ ಬಹಳ ಹಿಡಿಸಿತು. 1960ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ಯಾರಿ ಸ್ಟರ್ಮನ್ ಎಂಬ ವಿಜ್ಞಾನಿ ಬೆಕ್ಕುಗಳಿಗೆ ತಿನಿಸಿನ ಆಸೆ ತೋರಿಸಿ, ಸೆಕೆಂಡಿಗೆ 12ರಿಂದ 15 ಬಾರಿ ಮಿಡಿಯುವ ಅಲೆಯನ್ನು ಹೆಚ್ಚಿಸಲು ಕಲಿಸಿದರು. ಮುಂದೆ ರಾಕೆಟ್ ಇಂಧನದ ವಿಷವನ್ನು ಪರೀಕ್ಷಿಸುವ ಕೆಲಸಕ್ಕೆ ಬೆಕ್ಕುಗಳನ್ನು ಬಳಸಿದಾಗ ಅಚ್ಚರಿ ಕಾದಿತ್ತು. ತರಬೇತಿ ಪಡೆದ ಬೆಕ್ಕುಗಳು ಉಳಿದವುಗಳಷ್ಟು ಸುಲಭವಾಗಿ ಫಿಟ್ಸ್‌ಗೆ ಒಳಗಾಗಲಿಲ್ಲ. ಅನಂತರ ಫಿಟ್ಸ್ ಇದ್ದ ಯುವತಿಯೊಬ್ಬರಿಗೆ ಇದೇ ತರಬೇತಿ ಕೊಟ್ಟು, ಫಿಟ್ಸ್ ಕಡಿಮೆಯಾದುದನ್ನು 1972ರಲ್ಲಿ ಪ್ರಕಟಿಸಿದರು.

“ಹಾಗಾದ್ರೆ ಹೋಗೋಣ ಅಲ್ವಾ ಸಾರ್?” ಎಂದರು ತಂದೆ. ತಡೆಯಿರಿ ಎಂದೆ. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪರಿಶೀಲಿಸಿದಾಗ 87 ರೋಗಿಗಳಲ್ಲಿ 64 ಮಂದಿಗೆ ಫಿಟ್ಸ್ ಕಡಿಮೆಯಾಗಿತ್ತು. ಭರವಸೆಯ ಮಾತೇ ಸರಿ. ಆದರೆ ದೊಡ್ಡ ರೋಗವೊಂದರ ಚಿಕಿತ್ಸೆಯನ್ನು ತೀರ್ಮಾನಿಸಲು 87 ಬಹಳ ಸಣ್ಣ ಸಂಖ್ಯೆ. ಅವರೆಲ್ಲ ಮಾತ್ರೆಗೆ ಫಿಟ್ಸ್ ಬಗ್ಗದವರು. ಕಡಿಮೆಯಾಯಿತು ಎಂದರೆ ವಾಸಿಯಾಯಿತು ಎಂದಲ್ಲ. ಮಾತ್ರೆಯ ಜೊತೆಗೆ ಇದನ್ನೂ ನೋಡಬಹುದೇ ಎಂದು ನರರೋಗ ತಜ್ಞರನ್ನು ಕೇಳಬಹುದು. ಮಾತ್ರೆಯ ಬದಲಿಗೆ ಇದು ಎನ್ನುವವರನ್ನು ನಂಬುವಂತಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಈ ತರಬೇತಿ ಒಂದೆರಡು ದಿನಕ್ಕೆ ಮುಗಿಯುವುದಿಲ್ಲ. 40 ಸಲ ಎಂದಿಟ್ಟುಕೊಂಡರೂ ಶಿರಾದಿಂದ ಬೆಂಗಳೂರಿಗೆ ಹೋಗಿಬರಲು 9,600 ಕಿ.ಮೀ. ಆಯಿತು. ಹುಡುಗಿಯ ನಿದ್ದೆ, ತರಗತಿ, ಹೊಲದ ಕೂಲಿ ಎಲ್ಲವೂ ಆ ದಾರಿಯಲ್ಲೇ ಸವೆಯಬೇಕು. ನಿದ್ದೆಗೆಟ್ಟರೂ ಫಿಟ್ಸ್ ಬರುತ್ತದೆ!

ಹಳ್ಳಿಯವರಿಗೆ ದಾರಿ ತೋರಿದ ಕೆಲಸ ನಮ್ಮ ನಾಡಿನಲ್ಲೇ ಆಗಿದೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಲಕ್ಷಕ್ಕೂ ಮಿಕ್ಕಿದ ಜನರ ಸಮೀಕ್ಷೆ ಮಾಡಿದ್ದರು. 2004ರಲ್ಲಿ ಪ್ರಕಟವಾದ ಅದರ ಪ್ರಕಾರ ಫಿಟ್ಸ್ ಇರುವವರು ನಗರದಲ್ಲಿ ಸಾವಿರಕ್ಕೆ ಸುಮಾರು 6, ಹಳ್ಳಿಯಲ್ಲಿ 12. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿದರು. ಅದು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಫಿಟ್ಸ್ ಬಗ್ಗೆ 1970ರ ದಶಕದಲ್ಲೇ ಜಗತ್ತಿಗೆ ವಿವರವಾಗಿ ತಿಳಿಸಿದವರಲ್ಲಿ ಅವರೂ ಒಬ್ಬರು. ಸರಿಯಾದ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

“ಅಂದ್ರೆ ತೂಕಡಿಕೆ ಸಹಿಸ್ಕೊಬೇಕಾ?” ಹುಡುಗಿ ಕೇಳಿದಳು. ಬೇಡವೇ ಬೇಡ. ಅದನ್ನು ವೈದ್ಯರಿಗೆ ಹೇಳಬೇಕು. ಪ್ರಮಾಣ, ವೇಳೆ, ಮಾತ್ರೆ ಯಾವುದನ್ನು ಬದಲಿಸಬೇಕೆಂದು ಅವರು ನೋಡುತ್ತಾರೆ. ತಾನಾಗಿ ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಜೊತೆಯವರಿಗೂ ಒಂದು ಮಾತು ಹೇಳಿದೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಪಕ್ಕಕ್ಕೆ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

ಸಂಜೆ ಶಿರಾ ಬಸ್ ನಿಲ್ದಾಣದವರೆಗೂ ಇಬ್ಬರೂ ಬಂದರು. ತಂದೆ ಹುರಿದ ಕಡಲೆಕಾಯಿಯ ಪೊಟ್ಟಣ ಕೈಗಿತ್ತರು. ಹುಡುಗಿ ನೋಟ್‌ಬುಕ್ಕಿನ ಹಿಂಬದಿಯ ಹಾಳೆ ತೋರಿಸಿದಳು. ಫಿಟ್ಸ್ ಬಂದ ದಿನ, ಮಾತ್ರೆ ತಪ್ಪಿದ ದಿನಗಳನ್ನು ನೆನಪಿಸಿಕೊಂಡು ಬರೆದಿದ್ದಳು. “ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ತೀವಿ. ಇದನ್ನೂ ತಗೊಂಡು ಹೋಗ್ತೀನಿ. ಬೆಕ್ಕಿನ ವಿಷಯಾನೂ ಕೇಳ್ತೀನಿ” ಎಂದಳು. ಬಸ್ಸು ಹೊರಟಿತು. ಆ 40 ಪ್ರಯಾಣಗಳಿಗಿಂತ ಮೊದಲು ಮಾಡಬೇಕಾದ ಪ್ರಯಾಣ ಇದೊಂದೇ.