ಪಿಗ್ಮಿಯಣ್ಣ ಬರುವ ಹೊತ್ತು

ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ನಾಲ್ಕೂವರೆಯ ಬಸ್ಸು ನೀರ್ಚಾಲಿನ ತಿರುವಿನಲ್ಲಿ ಹಾರನ್ ಹಾಕಿತೆಂದರೆ ಅಮ್ಮ ಮಡಿಲಲ್ಲಿದ್ದ ಬೀಡಿಯ ತಡ್ಪೆಯನ್ನು ಪಕ್ಕಕ್ಕಿಡುತ್ತಿದ್ದಳು. ಕೈಗಂಟಿದ ಹೊಗೆಸೊಪ್ಪಿನ ಹುಡಿ ಕೊಡವಿ, ಅಡುಗೆಮನೆಯ ಹಲಗೆಯ ಮೇಲಿನಿಂದ ಹಾರ್ಲಿಕ್ಸ್ ಬಾಟ್ಲಿ ಇಳಿಸಿ, ಎರಡು ರೂಪಾಯಿಯ ಒಂದು ನೋಟು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಇಷ್ಟಾಗುವಾಗ ತಡಮೆಯ ಹತ್ತಿರ ಸ್ವರ ಕೇಳುತ್ತಿತ್ತು: "ಅಕ್ಕಾ, ಇವತ್ತು ಉಂಟಾ?"

ಪಿಗ್ಮಿಯಣ್ಣ. ಅವರಿಗೆ ಬೇರೆ ಹೆಸರಿದೆ ಎಂದು ನಾವು ಮಕ್ಕಳು ಯೋಚಿಸಿದ್ದೇ ಇಲ್ಲ. ಅದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಅವರ ಉತ್ತರಕ್ರಿಯೆಯ ಕಾಗದ ಮನೆಗೆ ಬಂದಾಗ. ಕಾಗದವನ್ನು ಎರಡು ಸಲ ಓದಿಸಿಕೊಂಡ ಅಮ್ಮ, "ಓ, ನಮ್ಮ ಪಿಗ್ಮಿಯವರು" ಎಂದು ಒಲೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

ಹೆಗಲಿಗೆ ಕಾಕಿ ಬಟ್ಟೆಯ ಚೀಲ, ಕಂಕುಳಲ್ಲಿ ಕೊಡೆ. ಮಳೆಗಾಲದಲ್ಲಿ ಚೀಲದೊಳಗಿನ ಪುಸ್ತಕಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ. ತಾವು ತೊಪ್ಪನೆ ನೆನೆದಿದ್ದರೂ ಪುಸ್ತಕದ ಒಂದು ಹಾಳೆ ಒದ್ದೆಯಾದದ್ದನ್ನು ನಾನು ಕಂಡಿಲ್ಲ. ಜಗಲಿಯ ಅಂಚಿಗೆ ಕೂತು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದು, ರಬ್ಬರ್ ಬ್ಯಾಂಡ್ ಬಿಚ್ಚಿ ಅಮ್ಮನ ಪುಸ್ತಕ ಹುಡುಕುತ್ತಿದ್ದರು. ಬರೆಯುವುದು ನೇರಳೆ ಬಣ್ಣದ ಪೆನ್ಸಿಲಿನಲ್ಲಿ, ಅದರ ತುದಿಯನ್ನು ನಾಲಗೆಗೆ ಮುಟ್ಟಿಸಿಕೊಂಡು. ಅವರ ನಾಲಗೆಯ ತುದಿ ಯಾವಾಗಲೂ ನೇರಳೆಹಣ್ಣು ತಿಂದವರ ಹಾಗೆ ಇರುತ್ತಿತ್ತು. ತಾರೀಕು, ಮೊತ್ತ, ಪಕ್ಕದಲ್ಲಿ ಅವರ ಚಿಕ್ಕ ರುಜು. ಬರೆದು ಮುಗಿಸಿ ಪುಸ್ತಕವನ್ನು ಅಮ್ಮನ ಕಡೆಗೆ ತಿರುಗಿಸಿ ಹಿಡಿಯುತ್ತಿದ್ದರು. ಅಮ್ಮನಿಗೆ ಅಂಕೆ ಓದಲು ಮಾತ್ರ ಬರುತ್ತಿತ್ತು. ಅವಳು ನೋಡಿ ತಲೆಯಾಡಿಸುವವರೆಗೆ ಅವರು ಪುಸ್ತಕ ಮುಚ್ಚುತ್ತಿರಲಿಲ್ಲ.

ಬೀಡಿಯ ಮಜೂರಿ ಸಿಗುತ್ತಿದ್ದದ್ದು ಶನಿವಾರ, ಬ್ರಾಂಚಿನಲ್ಲಿ. ಅವತ್ತು ರಾತ್ರಿ ಅಮ್ಮ ಎರಡು ರೂಪಾಯಿಯ ಆರು ನೋಟುಗಳನ್ನು ಬೇರೆ ಮಾಡಿ ಬಾಟ್ಲಿಗೆ ಹಾಕುತ್ತಿದ್ದಳು. ಭಾನುವಾರ ಪಿಗ್ಮಿ ಇಲ್ಲ, ಹಾಗಾಗಿ ಆರು. "ಅಕ್ಕಾ, ವಾರದ 12 ರೂಪಾಯಿ ಒಟ್ಟಿಗೇ ಕೊಡಬಹುದಲ್ಲ, ನಿಮಗೂ ಸುಲಭ" ಎಂದು ಅವರೇ ಒಮ್ಮೆ ಹೇಳಿದ್ದರು. ಅಮ್ಮ ಒಪ್ಪಲಿಲ್ಲ. "ಒಟ್ಟಿಗೆ ಕೊಟ್ಟರೆ ಒಂದೇ ದಿವಸ ಕೊಟ್ಟ ಹಾಗೆ ಆಗ್ತದೆ. ಉಳಿದ ದಿವಸ ಎಂತ ಕೊಡುವುದು?" ಎಂದಳು. ಈ ಮಾತಿನ ಲೆಕ್ಕ ಯಾವ ಬಡ್ಡಿಯ ಕೋಷ್ಟಕದಲ್ಲೂ ಸಿಗಲಿಕ್ಕಿಲ್ಲ. ಆದರೆ ನಾಲ್ಕು ವರ್ಷ ಕಳೆಯುವಾಗ ಪುಸ್ತಕದಲ್ಲಿ 2,500ದ ಹತ್ತಿರ ಆಗಿತ್ತು, ಆ ವರ್ಷ ನಮ್ಮ ಮನೆಗೆ ವಯರಿಂಗ್ ಆಯಿತು. ಮೊದಲ ಬಲ್ಬು ಹಾಕಿಸಿದ್ದು ಜಗಲಿಗೆ, ಪಿಗ್ಮಿಯಣ್ಣ ಕೂರುವ ಜಾಗದ ನೇರ ಮೇಲೆ.

ಅವರು ಯಾವ ಬ್ಯಾಂಕಿನವರು ಎಂಬುದು ನಮಗೆ ಮುಖ್ಯವೇ ಆಗಿರಲಿಲ್ಲ. ಪಿಗ್ಮಿ ಎಂದರೆ ಪಿಗ್ಮಿ. ಒಂದು ಬ್ಯಾಂಕಿನ ಯೋಜನೆಯ ಹೆಸರು ಊರಿನ ಮಾತಾಗಿಹೋಗಿತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದ್ದು ಮುಖ್ಯವಾಗಿ ಮಗ್ಗ ನಿಂತು ಕಂಗಾಲಾಗಿದ್ದ ನೇಕಾರರಿಗಾಗಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಶುರುಮಾಡಿದರು: ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಏಜೆಂಟೇ ಮನೆಬಾಗಿಲಿಗೆ ಬಂದು ಒಯ್ಯುತ್ತಾನೆ. ತಿಂಗಳಿಡೀ ತಪ್ಪದೆ ಕಟ್ಟಿದರೆ ಮೂರು ರೂಪಾಯಿ ಹನ್ನೆರಡಾಣೆ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. 1956ರ ನವೆಂಬರ್ 1ಕ್ಕೆ ಗಡಿ ಬಂದು ನಾವು ಕೇರಳಕ್ಕೆ ಸೇರಿದೆವು. ಪಿಗ್ಮಿ ಮಾತ್ರ ಗಡಿಯ ಎರಡೂ ಕಡೆ ಹಾಗೇ ನಡೆದುಕೊಂಡು ಬಂತು. ಬೇರೆ ಬ್ಯಾಂಕುಗಳೂ, ಸೇವಾ ಸಹಕಾರಿ ಬ್ಯಾಂಕುಗಳೂ ಅದನ್ನೇ ಬೇರೆ ಬೇರೆ ಹೆಸರಿನಲ್ಲಿ ನಡೆಸಿದವು. ಜನ ಎಲ್ಲವನ್ನೂ ಪಿಗ್ಮಿ ಎಂದೇ ಕರೆದರು.

ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಕಾಲು ಗಟ್ಟಿ ಇದ್ದರೆ ಸಾಲದು, ನಾಲಗೆಯೂ ಬೇಕು. ಒಂದು ಜಗಲಿಯಲ್ಲಿ ತುಳು, ಮುಂದಿನದರಲ್ಲಿ ಹವ್ಯಕ, ತೋಟ ದಾಟಿದರೆ ಮಲಯಾಳ, ಪೇಟೆಯ ಅಂಗಡಿಗಳಲ್ಲಿ ಬ್ಯಾರಿ, ಗುಡ್ಡದ ಮೇಲೆ ಮರಾಟಿ. ಪಿಗ್ಮಿಯಣ್ಣ ತಡಮೆ ದಾಟುವಾಗಲೇ ಮಾತು ಬದಲಿಸುತ್ತಿದ್ದರು. ಬರೆಯುವ ಅಂಕೆ ಎಲ್ಲ ಮನೆಗೂ ಒಂದೇ. ಯಾರ ಮನೆಯ ಹಸು ಬತ್ತಿದೆ, ಯಾರ ಹುಡುಗನಿಗೆ ಹೆಣ್ಣು ನೋಡುತ್ತಿದ್ದಾರೆ, ಬದಿಯಡ್ಕದಲ್ಲಿ ಅಡಿಕೆಯ ಹೊಸತಿಗೆ ಎಷ್ಟು, ಹಳತಿಗೆ ಎಷ್ಟು, ಎಲ್ಲವೂ ಅವರ ಬಾಯಲ್ಲಿ ಬರುತ್ತಿತ್ತು. ಬಾರದಿದ್ದ ಸುದ್ದಿ ಒಂದೇ: ಯಾರ ಪುಸ್ತಕದಲ್ಲಿ ಎಷ್ಟಿದೆ ಎಂಬುದು.

ಪಕ್ಕದ ಮನೆಯ ಅಕ್ಕನ ಪುಸ್ತಕವಂತೂ ಅವರ ಚೀಲದಲ್ಲೇ ವಾಸ. ಮನೆಯಲ್ಲಿಟ್ಟರೆ ಗಂಡನ ಕೈಗೆ ಸಿಕ್ಕಿ ಗಡಂಗಿನ ಪಾಲಾಗುವ ಭಯ. ಅವಳು ದುಡ್ಡು ಕೊಡುತ್ತಿದ್ದದ್ದೂ ಮನೆಯಲ್ಲಲ್ಲ, ಬೀಡಿ ಬ್ರಾಂಚಿನ ಹಿಂದಿನ ಹುಣಸೆಮರದ ಬುಡದಲ್ಲಿ. ಬರೆದು, ತೋರಿಸಿ, ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಮಗಳ ಮದುವೆಯ ಬೆಂಡೋಲೆ ಬಂದದ್ದು ಆ ಪುಸ್ತಕದಿಂದ. ಅಷ್ಟು ವರ್ಷ ಒಬ್ಬ ಹೆಂಗಸಿನ ಇಡೀ ಗಂಟು ಹೊರಗಿನವರೊಬ್ಬರ ಚೀಲದಲ್ಲಿ ಊರು ಸುತ್ತಿತು. ಒಂದು ರೂಪಾಯಿ ಆಚೀಚೆ ಆಗಲಿಲ್ಲ.

ಈಗ ಕೂತು ಯೋಚಿಸಿದರೆ ಅನಿಸುತ್ತದೆ, ಪಿಗ್ಮಿ ನಡೆದದ್ದು ಬಡ್ಡಿಯ ಆಸೆಯಿಂದಲ್ಲ. ಬಡ್ಡಿ ಕಡಿಮೆಯೇ ಇತ್ತು, ಅವಧಿಗೆ ಮೊದಲು ತೆಗೆದರೆ ಅದೂ ಇಲ್ಲ. ಅದು ನಡೆದದ್ದು ದಾಕ್ಷಿಣ್ಯದಿಂದ. ಬಿಸಿಲಲ್ಲಿ ನಡೆದು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ನಮ್ಮ ಕಡೆಯ ಮನೆಗಳ ಹಳೆಯ ನಡತೆಯ ಮೇಲೆ ಆ ಬ್ಯಾಂಕು ನಿಂತಿತ್ತು. ತನಗಾಗಿ ಉಳಿಸು ಎಂದರೆ ಅಮ್ಮ ಉಳಿಸುತ್ತಿರಲಿಲ್ಲ, ತನಗಾಗಿ ಅವಳು ಏನನ್ನೂ ಮಾಡಿಕೊಂಡವಳಲ್ಲ. ಬಂದವರಿಗೆ ಇಲ್ಲ ಎನ್ನಲಾರದೆ ಉಳಿಸಿದಳು. ದುಡ್ಡಿಲ್ಲದ ದಿನ ಅವಳು ಒಳಗೆ ಅಡಗಿ ನಮ್ಮಿಂದ ಹೇಳಿಸಿದ್ದು ಒಂದೆರಡು ಬಾರಿ ಮಾತ್ರ. ಆ ರಾತ್ರಿ ಅವಳಿಗೆ ಊಟ ಸೇರುತ್ತಿರಲಿಲ್ಲ.

ಪಿಗ್ಮಿಯಣ್ಣನ ಬದುಕು ಹಗುರವಾಗಿತ್ತು ಎಂದು ಯಾರೂ ಎಣಿಸಬಾರದು. ಅವರಿಗೆ ಸಿಗುತ್ತಿದ್ದದ್ದು ಒಟ್ಟುಮಾಡಿದ ಮೊತ್ತದ ಮೇಲಿನ ಕಮಿಷನ್. ಆಟಿಯ ಮಳೆಗೆ ತೋಟದ ಕೆಲಸ ನಿಂತು ಜನರ ಕೈ ಖಾಲಿಯಾದರೆ ಅವರ ಮನೆಯ ಒಲೆಯೂ ತಣ್ಣಗೆ. ಜೀವಮಾನವಿಡೀ ಬ್ಯಾಂಕಿಗಾಗಿ ನಡೆದವರು ಬ್ಯಾಂಕಿನ ನೌಕರರಲ್ಲ ಎಂಬ ಮಾತಿತ್ತು. ಇಂಥ ಠೇವಣಿ ಸಂಗ್ರಹಿಸುವವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿಯ ಮೊಣಕಾಲು ಸವೆದುಹೋಗಿತ್ತು.

ನೇರಳೆ ಪೆನ್ಸಿಲಿನ ನಂತರ ಕೈಯಲ್ಲಿ ಹಿಡಿಯುವ ಯಂತ್ರ ಬಂತು. ಒತ್ತಿದರೆ ಬಿಳಿ ಚೀಟಿ ಹೊರಗೆ. ಅಮ್ಮ ಆ ಚೀಟಿಗಳನ್ನೂ ಒಂದು ಬಿಡದೆ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟಳು. ಹೋದ ವರ್ಷ ಡಬ್ಬಿ ತೆರೆದು ನೋಡಿದೆ. ಎಲ್ಲವೂ ಬೋಳು. ಶಾಖದಿಂದ ಮೂಡಿದ ಅಕ್ಷರ ಕಾಲ ಹೋದಂತೆ ತಾನಾಗಿ ಅಳಿಸಿಹೋಗಿದೆ, ಅಂಚಿನಲ್ಲಿ ಹಳದಿ ಕಲೆ ಮಾತ್ರ ಉಳಿದಿದೆ. ಡಬ್ಬಿಯ ಅಡಿಯಲ್ಲಿದ್ದ ಹಳೆಯ ಪುಸ್ತಕದಲ್ಲಿ ಅಂಕೆಗಳು ಮೊನ್ನೆ ಬರೆದ ಹಾಗೆ ನೇರಳೆಯಾಗಿಯೇ ಇದ್ದವು.

ಬ್ಯಾಂಕುಗಳ ಹೆಸರುಗಳೂ ಒಂದೊಂದಾಗಿ ಹೋದವು. 2013ರಲ್ಲಿ ನಾರ್ತ್ ಮಲಬಾರ್ ಗ್ರಾಮೀಣ ಬ್ಯಾಂಕ್, 2019ರಲ್ಲಿ ವಿಜಯಾ ಬ್ಯಾಂಕ್, 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಮತ್ತು ಸಿಂಡಿಕೇಟ್. ಆ ಏಪ್ರಿಲ್ ನಮ್ಮ ಜಿಲ್ಲೆ ಮರೆಯುವಂಥದ್ದಲ್ಲ. ಕೊರೊನಾ ಕಾಲ, ಕರ್ನಾಟಕಕ್ಕೆ ಹೋಗುವ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆ ಸೇರಲಾಗದೆ ಜನ ಒದ್ದಾಡುತ್ತಿದ್ದ ದಿನಗಳಲ್ಲಿ ಒಂದು ಬ್ಯಾಂಕಿನ ಹೆಸರು ಹೋಯಿತೆಂದು ಅಳುವವರು ಯಾರು? ಮನೆಮನೆಗೆ ಹೋಗುವ ಪಿಗ್ಮಿಯ ನಡೆಯೂ ಆಗ ನಿಂತಿತು. ಬೀಗ ತೆಗೆದ ಮೇಲೆ ಕೆಲವರು ಮತ್ತೆ ಹೊರಟರು, ಹಲವರು ಹೊರಡಲಿಲ್ಲ.

ಅದರ ಮರುವರ್ಷ ಇರಬೇಕು, ಅಮ್ಮನನ್ನು ಪೇಟೆಯ ಒಂದು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಅವಳ ಕೈಯಲ್ಲಿ ಕರ್ಚೀಫಿನ ಗಂಟು. ಹತ್ತರ, ಇಪ್ಪತ್ತರ ನೋಟುಗಳು, ಒಟ್ಟು 640 ರೂಪಾಯಿ. ಚಲನ್ ತುಂಬಿಸಿ ಸಾಲಿನಲ್ಲಿ ನಿಂತೆವು. ಚಿಕ್ಕ ಮೊತ್ತವಾದರೆ ಹೊರಗಿನ ಯಂತ್ರಕ್ಕೆ ಹಾಕಿ ಎಂದರು. ಯಂತ್ರ ನೂರಕ್ಕಿಂತ ಕಡಿಮೆಯ ನೋಟು ತೆಗೆದುಕೊಳ್ಳುವುದಿಲ್ಲ. ಒಳಗೆ ಹೊರಗೆ ಎರಡು ಸಲ ಓಡಾಡಿದ ಮೇಲೆ ಅಮ್ಮ ನನ್ನ ತೋಳು ಹಿಡಿದು, "ಬಾ, ಹೋಗುವ. ಇದು ಅವರಿಗೆ ಬೇಡದ ದುಡ್ಡು" ಎಂದಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಇತ್ತು, ಅದನ್ನು ನನಗೆ ಇವತ್ತಿಗೂ ನುಂಗಲಿಕ್ಕೆ ಆಗಿಲ್ಲ. ಎರಡು ರೂಪಾಯಿಗೆ ಬೆಲ್ಲ-ನೀರು ಇಟ್ಟು ಕಾದವಳು ಅವಳು.

ಎಲ್ಲವೂ ಹೋಯಿತು ಎಂದು ಬರೆಯುವುದೂ ಸರಿಯಲ್ಲ. ಕೆಲವು ಸಹಕಾರಿ ಬ್ಯಾಂಕುಗಳವರು ಈಗಲೂ ಪೇಟೆಯ ಅಂಗಡಿಗಳಿಗೆ ದಿನಾ ಬರುತ್ತಾರೆ. 1998ರಲ್ಲಿ ಕೇರಳದಲ್ಲಿ ಶುರುವಾದ ಕುಟುಂಬಶ್ರೀಯ ಅಯಲ್ಕೂಟಗಳಲ್ಲಿ ಹೆಂಗಸರು ವಾರಕ್ಕೊಮ್ಮೆ ಜಗಲಿಯಲ್ಲಿ ಕೂತು ಹತ್ತು ಇಪ್ಪತ್ತು ಒಟ್ಟುಮಾಡಿ ಪುಸ್ತಕದಲ್ಲಿ ಬರೆಯುತ್ತಾರೆ. ಮೊಣಕಾಲು ನೋವು ಬರುವವರೆಗೆ ಅಮ್ಮನೂ ಹೋಗುತ್ತಿದ್ದಳು. ಆದರೆ ಅಲ್ಲಿಗೆ ನಾವು ಹೋಗಬೇಕು. ತಡಮೆಯ ಹತ್ತಿರ ನಿಂತು ಉಂಟಾ ಎಂದು ಕೇಳುವವರು ಈಗ ಯಾರೂ ಇಲ್ಲ.

ನನ್ನ ಉಳಿತಾಯ ಈಗ ತಿಂಗಳ ಐದನೇ ತಾರೀಕಿಗೆ ತಾನಾಗಿ ಕಡಿತವಾಗಿ ಆರ್‌ಡಿಗೆ ಹೋಗುತ್ತದೆ. ಹೋದದ್ದು ಗೊತ್ತಾಗುವುದು ಒಂದು ಮೆಸೇಜಿನಲ್ಲಿ, ಅದನ್ನೂ ಎಷ್ಟೋ ಸಲ ಓದುವುದಿಲ್ಲ. ಮೊನ್ನೆ ಊರಿಗೆ ಹೋಗಿದ್ದಾಗ ಜಗಲಿಯಲ್ಲಿ ಕೂತು ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಅಂಕೆಯನ್ನು ಒಂದೊಂದಾಗಿ ಬೆರಳಿಟ್ಟು ಓದಿದಳು.

"ಇದನ್ನು ಬರೆದುಕೊಂಡವರು ಯಾರು?" ಎಂದು ಕೇಳಿದಳು.

ಯಾರೂ ಬರೆಯುವುದಿಲ್ಲಮ್ಮ, ಅದರಷ್ಟಕ್ಕೇ ಬರುತ್ತದೆ ಎಂದೆ. ಅಮ್ಮ ಫೋನಿನ ಗಾಜನ್ನು ಸೆರಗಿನ ತುದಿಯಿಂದ ಒರೆಸಿ, ಬಲ್ಬಿನ ಬೆಳಕಿಗೆ ಹಿಡಿದು, ಮತ್ತೊಮ್ಮೆ ನೋಡಿದಳು.