ಗಾಲಿ ತಿಂದ ಲೆಕ್ಕ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಿಂದ ಬಾದಾಮಿಯ ದಾರಿ ಕವಲೊಡೆಯುವ ಜಾಗ ಕುಳಗೇರಿ ಕ್ರಾಸ್. ಬಸ್ಸು ಬದಲಿಸುವವರು, ಕಾಲೇಜಿನ ಹುಡುಗರು ಇಲ್ಲಿ ನಿಂತು ಕಾಯುತ್ತಾರೆ. ಹೆದ್ದಾರಿಯ ಇಂಥ ಕ್ರಾಸುಗಳೆಂದರೆ ಚಹದಂಗಡಿಯಂತೆ ವೆಲ್ಡಿಂಗ್ ಅಂಗಡಿಯೂ ಇರಬೇಕಾದದ್ದೇ. ಟ್ರ್ಯಾಕ್ಟರಿನ ಟ್ರೇಲರಿಗೆ, ತಗಡಿನ ಶೆಡ್ಡಿಗೆ, ಮಾಳಿಗೆಯ ತೊಲೆಗೆ ಕಬ್ಬಿಣ ಬೇಕು. ಅದನ್ನು ಅಳತೆಗೆ ಕೊಯ್ದು ಕೊಡುವವರೂ ಬೇಕು.

'ಓದದಿದ್ರ ವೆಲ್ಡಿಂಗ್ ಅಂಗಡಿಗೆ ಹಾಕ್ತೀನಿ ನೋಡು' ಎಂದು ಮಕ್ಕಳನ್ನು ಹೆದರಿಸುವ ತಂದೆಯರುಂಟು. ಓದು ಬೇಡವಾದವರ ಜಾಗ ಅದು ಎಂಬುದು ಅವರ ನಂಬಿಕೆ. ನಿಜ ಬೇರೆಯೇ ಇದೆ.

ಗಣಿತದಲ್ಲಿ ನಪಾಸಾಗಿ ಅಂಗಡಿ ಸೇರಿದ ಹುಡುಗನನ್ನೇ ನೋಡಿ. ಮಿಸ್ತ್ರಿ ಅವನ ಮುಂದೆ ಆರು ಮೀಟರಿನ ಆ್ಯಂಗಲ್ ಹಾಕಿ, ಒಂದೊಂದು ಮೀಟರಿನ ಆರು ತುಂಡು ಮಾಡೆನ್ನುತ್ತಾನೆ. ಹುಡುಗ ಅಳೆದು ಅಳೆದು ಕೊಯ್ಯುತ್ತಾನೆ. ಐದು ತುಂಡು ಸರಿ. ಆರನೆಯದು ಒಂದೂವರೆ ಸೆಂಟಿಮೀಟರ್ ಗಿಡ್ಡ. 'ಗಾಲಿ ತಿಂದದ್ದನ್ನ ಯಾರ ಲೆಕ್ಕಕ್ಕ ಹಚ್ಚಿದಿ, ತಮ್ಮಾ?' ಎಂದು ಮಿಸ್ತ್ರಿ ನಗುತ್ತಾನೆ. ಕೊಯ್ಯುವ ಗಾಲಿಯ ದಪ್ಪ 3 ಮಿ.ಮೀ. ಐದು ಕೊಯ್ತಕ್ಕೆ 15 ಮಿ.ಮೀ. ಕಬ್ಬಿಣ ಪುಡಿಯಾಗಿ ಹೋಯಿತು. ಶಾಲೆಯಲ್ಲಿ ತಲೆಗೆ ಹತ್ತದ ಗುಣಾಕಾರ ಇಲ್ಲಿ ಕೈಗೆ ಹತ್ತುತ್ತದೆ.

ಕೈಯಿಂದ ಕೊಯ್ಯುವ ಹ್ಯಾಕ್ಸಾಕ್ಕೂ ಅದರದೇ ಲೆಕ್ಕವಿದೆ. ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ಅದು ಕೊಯ್ಯುವುದು ದಬ್ಬುವಾಗ, ಎಳೆಯುವಾಗ ಭಾರ ಬಿಡಬೇಕು. ಕನಿಷ್ಠ ಮೂರು ಹಲ್ಲಾದರೂ ಲೋಹದ ಮೇಲೆ ಕೂತಿರಬೇಕು, ಇಲ್ಲವಾದರೆ ಹಲ್ಲು ಮುರಿಯುತ್ತದೆ. ಅದಕ್ಕೇ ಸಾಧಾರಣ ಕೆಲಸಕ್ಕೆ ಇಂಚಿಗೆ 18 ಹಲ್ಲಿನ ಬ್ಲೇಡು, ತೆಳು ಪೈಪಿಗೆ 24 ಅಥವಾ 32ರದು.

ಕಟಿಂಗ್ ಮಷಿನ್ ಕೆಲಸ ಬೇಗ ಮುಗಿಸುತ್ತದೆ, ಅಪಾಯವೂ ಅಷ್ಟೇ ಬೇಗ. ನಿಮಿಷಕ್ಕೆ 3800 ಸುತ್ತು ತಿರುಗುವ 14 ಇಂಚಿನ ಗಾಲಿಯ ಅಂಚು ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿರುತ್ತದೆ. ಹೆದ್ದಾರಿಯ ಯಾವ ಬಸ್ಸೂ ಹಾಗೆ ಓಡದು. ಗಾಲಿ ಒಡೆದರೆ ಚೂರುಗಳೂ ಅದೇ ವೇಗದಲ್ಲಿ ಸಿಡಿಯುತ್ತವೆ. ಉದ್ದನೆಯ ತೊಲೆಗೆ ಎರಡು ತುದಿಯಲ್ಲಷ್ಟೇ ಆಧಾರ ಕೊಟ್ಟು ನಡುವೆ ಕೊಯ್ದರೆ, ಅದು ತನ್ನ ಭಾರಕ್ಕೆ ಬಾಗಿ ಸೀಳಿನ ಬಾಯಿ ಮುಚ್ಚುತ್ತದೆ, ಗಾಲಿ ಸಿಕ್ಕಿಬೀಳುತ್ತದೆ. ಕತ್ತರಿಸಿ ಬೀಳುವ ತುಂಡಿಗೆ ಸಡಿಲವಾಗಿ ಬೀಳಲು ಜಾಗ ಇರಬೇಕು. ಇದು ಭೌತಶಾಸ್ತ್ರವಲ್ಲದೆ ಮತ್ತೇನು?

ದಪ್ಪ ಗರ್ಡರ್ ಬಂದರೆ ಗ್ಯಾಸ್ ಕಟಿಂಗ್. ಜ್ವಾಲೆ ಕಬ್ಬಿಣವನ್ನು ಕರಗಿಸಿ ಕತ್ತರಿಸುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಜ್ವಾಲೆ ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕೆಂಪಗೆ ಕಾಯಿಸುತ್ತದೆ, ಅಷ್ಟೇ. ಆಮೇಲೆ ರಭಸದಿಂದ ನುಗ್ಗುವ ಶುದ್ಧ ಆಮ್ಲಜನಕದಲ್ಲಿ ಕಬ್ಬಿಣವೇ ಉರಿಯುತ್ತದೆ. ಹುಟ್ಟಿದ ಆಕ್ಸೈಡು ಉಕ್ಕಿಗಿಂತ ಕಡಿಮೆ ಶಾಖಕ್ಕೆ ಕರಗಿ, ಗಾಳಿಯ ಹೊಡೆತಕ್ಕೆ ಹಾರಿಹೋಗುತ್ತದೆ. ತುಕ್ಕು ಹಿಡಿಯಲು ವರ್ಷಗಳು ಬೇಕು. ಅದೇ ಆಮ್ಲಜನಕ ಇಲ್ಲಿ ಕ್ಷಣದಲ್ಲಿ ಕೆಲಸ ಮುಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲು ಮಾತ್ರ ಇದಕ್ಕೆ ಜಗ್ಗದು: ಅದರ ಮೇಲೆ ಕಟ್ಟುವ ಕ್ರೋಮಿಯಂ ಆಕ್ಸೈಡಿನ ಪದರ ಸುಲಭವಾಗಿ ಕರಗುವುದಿಲ್ಲ. ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ ಎಣ್ಣೆ, ಗ್ರೀಸು ತಾಗಿಸಬಾರದೆಂಬ ಕಟ್ಟಪ್ಪಣೆಯ ಹಿಂದೆಯೂ ಇದೇ ಪಾಠವಿದೆ. ಒತ್ತಡದ ಆಮ್ಲಜನಕದಲ್ಲಿ ಎಣ್ಣೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು.

ಹಾಗಾಗಿ ಅಂಗಡಿಯ ಹೆಸರು ಹೇಳಿ ಮಕ್ಕಳನ್ನು ಹೆದರಿಸುವುದಕ್ಕಿಂತ, ಕೆಲಸ ಕಲಿಯುವ ಆಸೆ ಇದ್ದವರಿಗೆ ಐಟಿಐ ದಾರಿ ತೋರಿಸುವುದು ಲೇಸು. ಅಲ್ಲಿ ಫಿಟ್ಟರ್ ತರಬೇತಿ ಎರಡು ವರ್ಷ, ವೆಲ್ಡರ್ ತರಬೇತಿ ಒಂದು ವರ್ಷ. ನೇರವಾಗಿ ಅಂಗಡಿಗೆ ಕಳಿಸುವ ಹಿರಿಯರು ಪಗಾರ ಕೇಳುವ ಮೊದಲು ಮೂರು ಮಾತು ಕೇಳಬೇಕು. ಹುಡುಗನಿಗೆ ಹದಿನೆಂಟು ತುಂಬಿದೆಯೇ? ಗಾಲಿಗೆ ಗಾರ್ಡ್ ಇದೆಯೇ? ಅವನ ಕಣ್ಣಿಗೆ ಕನ್ನಡಕ ಇದೆಯೇ? ಗಿಡ್ಡಾದ ಆ್ಯಂಗಲ್ಲಿಗೆ ಇನ್ನೊಂದು ತುಂಡು ಬೆಸೆಯಬಹುದು. ಕಣ್ಣಿಗೆ ಬೆಸುಗೆ ಇಲ್ಲ.