ಆ ಬಿಳೀದು ಯಾವ ಟ್ಯೂಬಲ್ಲಿತ್ತು?

ಬೋಧನಾಭ್ಯಾಸಕ್ಕೆಂದು ಹುಣಸಮಾರನಹಳ್ಳಿಯ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ ಹತ್ತನೇ ತರಗತಿಗೆ ನಾನು ತೆಗೆದುಕೊಂಡ ಪಾಠ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ಸೋಡಿಯಂ ಸಲ್ಫೇಟ್ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ದ್ರಾವಣ ಸುರಿದರೆ ಬಿಳಿ ಪ್ರಕ್ಷೇಪ ಬರುವ ಪ್ರಯೋಗ ನಮಗೆಲ್ಲ ಗೊತ್ತಿರುವುದೇ. ತೋರಿಸಲು ಎರಡು ನಿಮಿಷ ಸಾಕು. ಸಮೀಕರಣ ಬರೆದು ಸರಿದೂಗಿಸಿದರೆ ಪಾಠಯೋಜನೆಯ ಆ ಹಂತ ಮುಗಿಯಿತು. ಅಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿ ಕೇಳಿದಳು: “ಮಿಸ್, ಆ ಬಿಳೀದು ಮೊದ್ಲು ಯಾವ ಟ್ಯೂಬಲ್ಲಿತ್ತು?”

ಪ್ರಶ್ನೆ ಸಹಜವಾದದ್ದು. ಕದಡಿದ ನೀರು ಬಿಂದಿಗೆಯಲ್ಲಿ ನಿಂತರೆ ಮಣ್ಣು ತಳಕ್ಕಿಳಿಯುತ್ತದೆ. ಕಾಫಿಯ ಗಷ್ಟೂ ಹಾಗೆಯೇ. ಅಲ್ಲೆಲ್ಲ ತಳದಲ್ಲಿ ಕೂತದ್ದು ಮೊದಲಿನಿಂದಲೂ ನೀರಿನಲ್ಲಿತ್ತು. ಮಕ್ಕಳ ಪೂರ್ವಜ್ಞಾನ ಇದು. ಹಾಗಾಗಿ ‘ಪ್ರಕ್ಷೇಪ’ ಎಂದರೂ ಎಲ್ಲೋ ಅಡಗಿದ್ದದ್ದು ಹೊರಬಂತು ಎಂದೇ ತಿಳಿಯುತ್ತಾರೆ.

ಉತ್ತರ ಹೇಳದೆ ತರಗತಿಗೇ ಹುಡುಕಲು ಬಿಟ್ಟೆ. ಬೆರೆಸಿದ ದ್ರಾವಣದಲ್ಲಿರುವುದು ನಾಲ್ಕು ಅಯಾನುಗಳು: ಸೋಡಿಯಂ, ಸಲ್ಫೇಟ್, ಬೇರಿಯಂ, ಕ್ಲೋರೈಡ್. ಬೇರಿಯಂ ಕ್ಲೋರೈಡಿಗೆ ಅಡುಗೆ ಉಪ್ಪಿನ ನೀರು ಹಾಕಿದೆವು, ತಿಳಿಯಾಗಿಯೇ ಉಳಿಯಿತು. ಸೋಡಿಯಂ ಸಲ್ಫೇಟಿಗೂ ಅದನ್ನೇ ಹಾಕಿದೆವು, ಏನೂ ಆಗಲಿಲ್ಲ. “ಹಂಗಾದ್ರೆ ಬೇರಿಯಂ, ಸಲ್ಫೇಟ್ ಎರಡೂ ಸೇರ್ಲೇಬೇಕು,” ಎಂದ ಹಿಂದಿನ ಬೆಂಚಿನ ಹುಡುಗ. ಹಾಗಿದ್ದರೆ ಸೋಡಿಯಂ ಸಲ್ಫೇಟಿನ ಬದಲು ಮೆಗ್ನೀಸಿಯಂ ಸಲ್ಫೇಟ್ ಹಾಕಿದರೆ? ಮೊದಲು ಊಹೆ ಬರೆಸಿದೆ, ಆಮೇಲೆ ಸುರಿದೆ. ಮತ್ತೆ ಬಿಳಿ. ಆ ಬಿಳಿಯದು ಯಾವ ಟ್ಯೂಬಿನಲ್ಲೂ ಇರಲಿಲ್ಲ, ಅದರ ಅರ್ಧರ್ಧ ಒಂದೊಂದರಲ್ಲಿತ್ತು ಎಂದು ಹೇಳಿದ್ದು ಪ್ರಶ್ನೆ ಕೇಳಿದವಳೇ.

‘ಕರಗುವುದಿಲ್ಲ’ ಎಂಬ ಮಾತಿಗೂ ಅಳತೆ ಬೇಕು. ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಉಪ್ಪು ಕರಗುತ್ತದೆ. ಬೇರಿಯಂ ಸಲ್ಫೇಟ್ ಕರಗುವುದು ಎರಡೂವರೆ ಮಿಲಿಗ್ರಾಂನಷ್ಟು ಮಾತ್ರ. ಬೇರಿಯಂ ಕ್ಲೋರೈಡ್ ವಿಷ. ಆದರೂ ಹೊಟ್ಟೆಯ ಎಕ್ಸ್‌ರೇಗೆ ಮುನ್ನ ಆಸ್ಪತ್ರೆಯಲ್ಲಿ ಬೇರಿಯಂ ಸಲ್ಫೇಟನ್ನು ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ಅದು ಕರಗದೆ ಹಾಗೆಯೇ ಹೊರಹೋಗುತ್ತದೆ. ಉಳಿದ ಬೇರಿಯಂ ದ್ರಾವಣಕ್ಕೂ ಸೋಡಿಯಂ ಸಲ್ಫೇಟನ್ನು ಧಾರಾಳವಾಗಿ ಬೆರೆಸಿ, ಕೆಳಗೆ ಕೂತದ್ದನ್ನು ಸೋಸಿ ತೆಗೆದಿಟ್ಟೆವು. (ಪ್ರಯೋಗ ಮಾಡುವ ಸಹಪಾಠಿಗಳು ಇದನ್ನು ಮರೆಯಬಾರದು.)

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ‘ಸಮಯಪಾಲನೆ’ ಎಂಬ ಪದದ ಕೆಳಗೆ ಗೆರೆ ಎಳೆದಿದ್ದರು. ಸಮೀಕರಣ ಸರಿದೂಗಿಸುವುದು ಮರುದಿನಕ್ಕೆ ಹೋಗಿತ್ತು. ಪರೀಕ್ಷೆಯಲ್ಲಿ ಅಂಕ ಬರುವುದು ಅದಕ್ಕೇ. ಅವರ ಮಾತು ಸರಿ. ಆದರೂ ಮತ್ತೆ ಈ ಪಾಠ ಸಿಕ್ಕರೆ ನಾನು ಕತ್ತರಿಸುವುದು ಪೀಠಿಕೆಯನ್ನು, ಉಪ್ಪುನೀರಿನ ಆ ಎರಡು ಟ್ಯೂಬುಗಳನ್ನಲ್ಲ.

ಮರುದಿನ ಒಬ್ಬ ಹುಡುಗ ಮನೆಯ ಹಳೆಯ ಹೀಟರ್ ಕಾಯಿಲ್ ತಂದ. ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಅದರ ಮೈಗೆಲ್ಲ ಬಿಳಿ ಚಿಪ್ಪು ಕಟ್ಟಿತ್ತು. ಕೆರೆದು ನಿಂಬೆರಸ ಬಿಟ್ಟಾಗ ಗುಳ್ಳೆ ಎದ್ದವು. “ಇಲ್ಲಿ ಎರಡು ಟ್ಯೂಬೇ ಇಲ್ವಲ್ಲ ಮಿಸ್?” ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಒಟ್ಟಿಗೇ ಇದ್ದರೂ ಕರಗಿಯೇ ಇರುತ್ತವೆ. ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ, ಬೈಕಾರ್ಬೊನೇಟ್ ಕಾರ್ಬೊನೇಟ್ ಆಗುತ್ತದೆ. ಕ್ಯಾಲ್ಸಿಯಂ ಅದರ ಜೊತೆ ಕರಗಿರಲಾರದು. ಆ ದಿನ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದದ್ದು ಆ ಹುಡುಗನೇ. ಕಾಯಿಲ್ ಮಾತ್ರ ಸಂಜೆ ವಾಪಸ್ ಬೇಕೆಂದು ಅವನ ಅಮ್ಮ ಹೇಳಿಕಳಿಸಿದ್ದರು.